ಒಂದೇ ಆಸನದ ಬಂಡಿ

ಪರರಿಗೆ ಉಪಕಾರ ಮಾಡಬೇಕೆಂಬ ವಿಷಯದಲ್ಲಿ ನಮ್ಮೊಳಗೆ ವಿವಾದವಿಲ್ಲ. ಆದರೆ ಆ ಉಪಕಾರವನ್ನು ಯಾವ ಅಳತೆಯಿಂದ ಅಳೆಯತಕ್ಕದ್ದು? ಕೊಟ್ಟವನ ವೆಚ್ಚದಿಂದಲೋ, ಪಡೆದವನ ಬಾಳಿನಲ್ಲಿ ಉಂಟಾದ ಬದಲಾವಣೆಯಿಂದಲೋ? ನಡೆಯಲಾರದವರ ನಿಮಿತ್ತ ಮಾಡಲ್ಪಟ್ಟ ಮೋಟಾರು ಬಂಡಿಗಳ ಚರಿತ್ರೆಯನ್ನು ನೋಡಿದರೆ, ಒಳ್ಳೇ ಮನಸ್ಸುಳ್ಳವರು ಸಹ ಇದರಲ್ಲಿ ಎಷ್ಟು ಸುಲಭವಾಗಿ ತಪ್ಪುವರೆಂಬದು ತಿಳಿಯುವದು.

ಎರಡನೆಯ ಮಹಾಯುದ್ಧವು ಮುಗಿದ ತರುವಾಯ ಇಂಗ್ಲೆಂಡಿನಲ್ಲಿ ಬರ್ಟ್ ಗ್ರೀವ್ಸ್ ಎಂಬವರು, ಕಾಲುಗಳ ಸ್ವಾಧೀನವಿಲ್ಲದ ತಮ್ಮ ಬಂಧುವಾದ ಡೆರಿ ಪ್ರೆಸ್ಟನ್-ಕಾಬ್ ಎಂಬವರಿಗೋಸ್ಕರ ಮೋಟಾರ್ ಸೈಕಲ್ಲೊಂದನ್ನು ಮಾರ್ಪಡಿಸಿಕೊಟ್ಟರು. ಯುದ್ಧದಲ್ಲಿ ಅಂಗಹೀನರಾದ ಸಿಪಾಯಿಗಳು ಆಗ ಬಹಳ ಮಂದಿ ಇದ್ದರು. ಆದಕಾರಣ ಅವರಿಬ್ಬರೂ ಸರಕಾರದ ಬೆಂಬಲದಿಂದ ಅಂಥ ಬಂಡಿಗಳನ್ನು ಮಾಡತೊಡಗಿದರು. ಅದಕ್ಕೆ ಇನ್ವಾಕಾರ್ ಎಂದು ಹೆಸರು. ಮೂರು ಚಕ್ರ, ತಿಳಿ ನೀಲಿ ಬಣ್ಣ. ಎಲ್ಲವನ್ನೂ ಕೈಯಿಂದಲೇ ನಡಿಸಬಹುದು. ಗಾಲಿಕುರ್ಚಿಯನ್ನು ಮಡಚಿ ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಸರಕಾರವು ಸಾವಿರಾರು ಜನರಿಗೆ ಇಂಥ ಮೂರು ಚಕ್ರದ ಬಂಡಿಗಳನ್ನು ಕ್ರಯವಿಲ್ಲದೆ ಒದಗಿಸಿತು. ಮನೆಯ ಮೂಲೆಯಲ್ಲಿ ಕುಳಿತಿದ್ದವರು ಕೆಲಸಕ್ಕೆ ಹೋಗುವಂತಾಯಿತು.

ಆದರೆ ಆ ಬಂಡಿಯಲ್ಲಿ ಆಸನವು ಒಂದೇ. ಎರಡನೆಯವರನ್ನು ಕೂರಿಸಿಕೊಳ್ಳುವದಕ್ಕೆ ಅಪ್ಪಣೆಯೂ ಇರಲಿಲ್ಲ. ಹೆಂಡತಿಯೂ ಮಗುವೂ ಬಸ್ಸಿಗಾಗಿ ಕಾದು ನಿಲ್ಲಬೇಕು. ಅವನು ಒಬ್ಬನೇ ಮುಂದೆ ಹೋಗಬೇಕು. ದಾರಿಯಲ್ಲಿ ಯಂತ್ರವು ಕೆಟ್ಟರೆ, ನಡೆಯಲಾರದ ಆ ಮನುಷ್ಯನು ಯಾರಾದರೂ ಬರುವ ತನಕ ಅದರೊಳಗೆ ಕಾಯಬೇಕು. ಇದಲ್ಲದೆ ಬಂಡಿ ನಡಿಸುವ ಶಕ್ತಿ ಕೈಗಳಲ್ಲಿ ಇಲ್ಲದವನಿಗೂ, ನಡೆಯಲಾರದ ಮಗುವನ್ನು ಎತ್ತಿಕೊಂಡು ತಿರುಗುವ ತಾಯಿಗೂ ಇದರಿಂದ ಪ್ರಯೋಜನವಿಲ್ಲ.

“ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ” ಎಂಬ ಗಾದೆಯನ್ನು ಇಲ್ಲಿ ಯಾರಾದರೂ ಹೇಳಬಹುದು. ಪುಕ್ಕಟೆಯಾಗಿ ಸಿಕ್ಕಿದ್ದರಲ್ಲಿ ಕುಂದು ಹುಡುಕುವದು ಕೃತಘ್ನತೆಯಲ್ಲವೇ? ಅಲ್ಲವೆಂದೇ ನಾವು ಹೇಳುವೆವು. ದಟ್ಟಿಯು ಮೈಗೆ ಸಾಲದೆ ಹೋದರೆ ಉಟ್ಟವನು ಮೊಳ ಹಾಕದೆ ಏನು ಮಾಡಿಯಾನು? ಕೊಡುವವನು ಮುಂಚೆಯೇ ಮೊಳ ಹಾಕಿದ್ದರೆ ಅವನು ಹಿತ್ತಲಿಗೆ ಹೋಗುವ ಅಗತ್ಯವೇ ಇರಲಿಲ್ಲ. ನಡೆಯಲಾರದವನಿಗೆ ಬೇಕಾದದ್ದು ಕಾಲುಗಳಿಗೆ ಬದಲಾಗಿ ಚಕ್ರಗಳು ಮಾತ್ರ ಎಂದು ಕೊಟ್ಟವರು ಎಣಿಸಿದರು. ಅವನಿಗೆ ಹೆಂಡತಿಮಕ್ಕಳಿದ್ದಾರೆ, ಅವರ ಸಂಗಡ ಸಂತೆಗೂ ಮದುವೆಗೂ ಹೋಗುವ ಆಶೆಯಿದೆ ಎಂಬದು ಅವರ ಲೆಕ್ಕಕ್ಕೆ ಬರಲಿಲ್ಲ.

ಕಡೆಗೆ ಮೊಳ ಹಾಕಿದವರ ಮಾತು ಗೆದ್ದಿತು. ಮೂರು ಚಕ್ರದ ಬಂಡಿಗೆ ಬದಲಾಗಿ ಕಾರು ಕೊಡುವದು ಯುಕ್ತವೆಂದು 1974ರಲ್ಲಿ ಶಾರ್ಪ್ ಎಂಬ ಬಾಯಿಯವರು ಸರಕಾರಕ್ಕೆ ವರದಿ ಒಪ್ಪಿಸಿದರು. 1976ರಿಂದ, ವಾಹನ ನಡಿಸಲಾರದವರಿಗೂ ಸಂಚಾರದ ವೆಚ್ಚಕ್ಕಾಗಿ ಹಣ ಸಿಕ್ಕತೊಡಗಿತು. 1977ರಲ್ಲಿ ಸ್ಥಾಪಿತವಾದ ಮೊಟಬಿಲಿಟಿ ಸಂಸ್ಥೆಯ ಮೂಲಕ, ಆ ಹಣದಿಂದ ತಮಗೆ ಒಪ್ಪುವ ಕಾರನ್ನು ಬಾಡಿಗೆಗೆ ಪಡೆದು, ಮನೆಯವರ ಸಂಗಡ ಹೋಗುವದು ಸಾಧ್ಯವಾಯಿತು. ಉಳಿದಿದ್ದ ಇನ್ವಾಕಾರುಗಳನ್ನು 2003ನೇ ಮಾರ್ಚ್ 31ರಂದು ರಸ್ತೆಯಿಂದ ತೆಗೆದುಬಿಟ್ಟರು. ಮುಖ್ಯವಾದ ಭೇದವು ಚಕ್ರಗಳ ಸಂಖ್ಯೆಯಲ್ಲಿ ಅಲ್ಲ. ಆರಿಸಿಕೊಳ್ಳುವ ಅಧಿಕಾರವು ಕೊಡುವವನ ಕೈಯಿಂದ ಪಡೆಯುವವನ ಕೈಗೆ ಬಂದದ್ದೇ.

ನಮ್ಮ ಸೀಮೆಯಲ್ಲಿಯೂ ಸ್ಕೂಟರಿನ ಹಿಂದಿನ ಚಕ್ರದ ಎರಡು ಬದಿಗಳಲ್ಲಿ ಬೇರೆ ಚಕ್ರಗಳನ್ನು ಜೋಡಿಸಿ ಕೊಡುತ್ತಾರೆ. ಅದು ದೊಡ್ಡ ಉಪಕಾರವೇ. ಹಿಂದೆ ಇನ್ನೊಬ್ಬರು ಕೂರಬಹುದು. ಆದರೆ ಗಾಲಿಕುರ್ಚಿಯು ಮನೆಯಲ್ಲೇ ಉಳಿದರೆ, ಕಚೇರಿಯ ಬಾಗಿಲಿಗೆ ಬಂದವನು ಇಳಿಯುವದು ಹೇಗೆ? ಈ ಕೊರತೆಗೆ ಒಂದು ಉತ್ತರವಾಗಿ ಮದರಾಸಿನ ಐಐಟಿಯಿಂದ ನಿಯೋಬೋಲ್ಟ್ ಎಂಬ ಯಂತ್ರವು ಹೊರಬಂತು. ಬ್ಯಾಟರಿಯಿಂದ ನಡೆಯುವ ಅದನ್ನು ಗಾಲಿಕುರ್ಚಿಯ ಮುಂದೆ ಸಿಕ್ಕಿಸಿ ರಸ್ತೆಯಲ್ಲಿ ಹೋಗಬಹುದು. ಹೋದಲ್ಲಿ ಅದನ್ನು ಬಿಚ್ಚಿಟ್ಟು ಕುರ್ಚಿಯಲ್ಲೇ ಒಳಗೆ ಸಾಗಬಹುದು. ಆದಾಗ್ಯೂ ಬಾಗಿಲಲ್ಲಿ ಮೂರು ಮೆಟ್ಟಲುಗಳಿದ್ದು ಇಳಿಜಾರು ಇಲ್ಲದಿದ್ದರೆ ಯಾವ ಯಂತ್ರವೂ ಅವನನ್ನು ಒಳಗೆ ಸೇರಿಸದು.

ಪ್ರಿಯ ವಾಚಕರೇ, ನಮ್ಮ ಊರಲ್ಲಿ ಇಂಥವರು ಇದ್ದರೆ, ಅವರಿಗೆ ಏನು ಕೊಡಬೇಕೆಂದು ನಾವು ನಾವೇ ಕೂಡಿ ತೀರ್ಮಾನಿಸುವದು ಬೇಡ. ಮೊದಲು ಅವರ ಮನೆಗೆ ಹೋಗಿ ಕುಳಿತು, ನೀವು ಎಲ್ಲಿಗೆ ಹೋಗಬೇಕು, ಯಾರ ಸಂಗಡ ಹೋಗಬೇಕು, ದಾರಿಯಲ್ಲಿ ಅಡ್ಡಿಯೇನು ಎಂಬ ಈ ಮೂರನ್ನು ಕೇಳೋಣ. ಬಂಡಿ ಕೊಡಿಸುವ ಶಕ್ತಿ ನಮಗಿಲ್ಲದಿದ್ದರೂ, ನಮ್ಮ ಬಾಗಿಲ ಮುಂದೆ ಒಂದು ಇಳಿಜಾರನ್ನು ಕಟ್ಟಿಸುವ ಶಕ್ತಿಯಾದರೂ ಇದ್ದೇ ಇದೆ.