ಬೇಟೆಗಾರನ ದಿನಚರಿ, ಓದುಗನ ಹೊಣೆ

ಭಯದ ಕಾದಂಬರಿಯೊಂದನ್ನು ಓದಿ ಮುಗಿಸಿದವರ ಅಭಿಪ್ರಾಯ ಕೇಳಿದರೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರ ದೊರೆಯುತ್ತದೆ. 'ಹಿಡಿದರೆ ಬಿಡಲಾಗಲಿಲ್ಲ' ಎಂಬುದು ಒಂದು. 'ಮೊದಲನೆಯ ಭಾಗದಷ್ಟು ಚೆನ್ನಾಗಿಲ್ಲ' ಎಂಬುದು ಇನ್ನೊಂದು. ರಕ್ತ ಹೀರುವ ಪಿಶಾಚಿಯೂ ಅದನ್ನು ಬೆನ್ನಟ್ಟುವ ಬೇಟೆಗಾರನೂ ಇರುವ ಸರಣಿ ಕಾದಂಬರಿಗಳ ವಿಷಯದಲ್ಲಂತೂ ಮಾತು ಇಷ್ಟಕ್ಕೇ ನಿಂತುಬಿಡುತ್ತದೆ. ಎರಡು ಉತ್ತರಗಳೂ ಪುಸ್ತಕದ ರುಚಿಯನ್ನು ಕುರಿತವು. ಓದಿದವನ ಮನಸ್ಸಿಗೆ ಏನಾಯಿತು ಎಂಬುದನ್ನು ಕುರಿತವಲ್ಲ. ಬೇಟೆಗಾರನೊಡನೆ ಮುನ್ನೂರು ಪುಟ ನಡೆದು ಬಂದ ಓದುಗನು ಅವನ ಆಯುಧವನ್ನು ಪುಸ್ತಕದಲ್ಲಿಯೇ ಬಿಟ್ಟು ಬರುತ್ತಾನೆಯೇ, ಅಥವಾ ಕೈಯಲ್ಲಿ ಹಿಡಿದುಕೊಂಡೇ ಬೀದಿಗೆ ಇಳಿಯುತ್ತಾನೆಯೇ? ಈ ಪ್ರಶ್ನೆಯನ್ನು ನಮ್ಮ ಸಂಘದ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮ ಭಾಗದ ಓದುಗರಿಗೆ ಈ ಪ್ರಶ್ನೆ ಪರದೇಶದ್ದಲ್ಲ. ನಾರಾಯಣಪೇಟೆ, ಮಕ್ತಲ್‌ಗಳು ಕೃಷ್ಣೆಯ ಈ ದಡದಲ್ಲಿವೆ, ಗದ್ವಾಲ್ ಆ ದಡದಲ್ಲಿದೆ, ಪಶ್ಚಿಮಕ್ಕೆ ರಾಯಚೂರು. 1956ರಲ್ಲಿ ಹೈದರಾಬಾದ್ ಸಂಸ್ಥಾನವು ಭಾಷೆಯ ಲೆಕ್ಕದಲ್ಲಿ ಹಂಚಿಹೋದಾಗ ಗಡಿಯ ಗೆರೆ ನಮ್ಮ ಊರುಗಳ ಪಕ್ಕದಲ್ಲಿ ಹಾದುಹೋಯಿತೇ ಹೊರತು ನಮ್ಮ ಮನೆಗಳ ಓದು ಎರಡಾಗಲಿಲ್ಲ. ಹೈದರಾಬಾದಿನಿಂದ ಬರುವ ತೆಲುಗು ವಾರಪತ್ರಿಕೆಯೂ ರಾಯಚೂರಿನ ಬಸ್ಸಿನಲ್ಲಿ ಬರುವ ಕನ್ನಡ ವಾರಪತ್ರಿಕೆಯೂ ಒಂದೇ ಕಟ್ಟೆಯ ಮೇಲೆ ಕೈಯಿಂದ ಕೈಗೆ ಹೋಗುತ್ತಿದ್ದವು. ಹೀಗೆ ಎರಡು ಭಾಷೆಗಳಲ್ಲಿಯೂ ಮನೆಮಾತಾದ ಕೃತಿ ಯಂಡಮೂರಿ ವೀರೇಂದ್ರನಾಥರ 'ತುಳಸಿದಳ'. ಮೊದಲು ತೆಲುಗಿನಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿ ಕನ್ನಡಕ್ಕೂ ಅನುವಾದವಾಯಿತು. 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ಓದುಗರ ಒತ್ತಾಸೆಗೆ ಮುಂದುವರಿದ ಭಾಗವಾಗಿ 'ತುಳಸಿ' ಬಂತು. ಆಸ್ತಿಯ ಆಸೆಗಾಗಿ ಎಳೆಯ ಹುಡುಗಿಯೊಬ್ಬಳ ಮೇಲೆ ಕ್ಷುದ್ರ ಪ್ರಯೋಗ ನಡೆಯುತ್ತದೆ; ಅವಳನ್ನು ಉಳಿಸಲು ಒಂದೆಡೆ ವೈದ್ಯರು, ಇನ್ನೊಂದೆಡೆ ಮಂತ್ರವನ್ನು ಮಂತ್ರದಿಂದಲೇ ಎದುರಿಸುವವರು ಹೋರಾಡುತ್ತಾರೆ. ಗದ್ವಾಲ್ ಸೀರೆಯಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಸೇರಿಸಿ ನೇಯುವಂತೆ, ಲೇಖಕರು ವೈದ್ಯಶಾಸ್ತ್ರದ ವಿವರಣೆಗೆ ಮಾಂತ್ರಿಕ ವಿವರಣೆಯನ್ನು ಸೇರಿಸಿ ನೇಯುತ್ತಾರೆ. ಯಾವುದು ನಿಜವೆಂಬ ತೀರ್ಮಾನವನ್ನು ಓದುಗನಿಗೇ ಬಿಡುತ್ತಾರೆ.

ಈ ಕಾದಂಬರಿಯನ್ನು ಕುರಿತು ಓದುಗರಲ್ಲಿ ಮೂರು ಅಭಿಪ್ರಾಯಗಳನ್ನು ನಾವು ಕೇಳುತ್ತ ಬಂದಿದ್ದೇವೆ. ಇದು ಬರಿಯ ಕತೆ, ಕತೆಯನ್ನು ಕತೆಯಾಗಿ ಓದಬೇಕು ಎನ್ನುವವರು ಮೊದಲನೆಯವರು. ವಿಜ್ಞಾನದ ಮಾತನ್ನೂ ಸೇರಿಸಿರುವುದರಿಂದ ಇದು ಮೂಢನಂಬಿಕೆಯ ಪುಸ್ತಕವಲ್ಲ ಎನ್ನುವವರು ಎರಡನೆಯವರು. ವಿಜ್ಞಾನದ ಮುಸುಕು ಹೊದಿಸಿರುವುದರಿಂದಲೇ ಇದು ಇನ್ನಷ್ಟು ಅಪಾಯ ಎನ್ನುವವರು ಮೂರನೆಯವರು. ತೆಲುಗಿನ ಹಿರಿಯ ಲೇಖಕಿ ರಂಗನಾಯಕಮ್ಮನವರು ಈ ಮೂರನೆಯ ಪಕ್ಷವನ್ನು ಹಿಡಿದು ಒಂದು ಪುಸ್ತಕವನ್ನೇ ಬರೆದರು. ಇದು ತುಳಸಿಯ ದಳವಲ್ಲ, ಗಾಂಜಾದ ದಮ್ಮು ಎಂಬ ಅರ್ಥ ಬರುವ ಹೆಸರನ್ನೇ ಅದಕ್ಕೆ ಇಟ್ಟರು. ಜನಪ್ರಿಯ ಕಾದಂಬರಿಯೊಂದನ್ನು ಒಬ್ಬ ಓದುಗಳು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ಆ ಕಾದಂಬರಿಗೂ ಒಂದು ಬಗೆಯ ಗೌರವವೇ ಎಂದು ನಮಗೆ ತೋರುತ್ತದೆ.

ಮೂರು ಅಭಿಪ್ರಾಯಗಳೂ ದೆವ್ವವಿದೆಯೇ ಇಲ್ಲವೇ ಎಂಬುದರ ಸುತ್ತಲೇ ಸುತ್ತುತ್ತವೆ. ನಮಗಾದರೋ ಬೇಟೆಗಾರನನ್ನು ಕುರಿತು ಯೋಚಿಸುವುದು ಹೆಚ್ಚು ಅಗತ್ಯವೆನಿಸುತ್ತದೆ. ಈ ಜಾತಿಯ ಕಾದಂಬರಿಗಳಿಗೆ ಮೂಲಮಾದರಿಯಾದ ಬ್ರಾಮ್ ಸ್ಟೋಕರನ 'ಡ್ರಾಕುಲಾ' ಪ್ರಕಟವಾದದ್ದು 1897ರಲ್ಲಿ. ಆ ಕಾದಂಬರಿಯ ಕಟ್ಟಡವನ್ನು ಗಮನಿಸಬೇಕು. ಅದು ದಿನಚರಿಗಳು, ಪತ್ರಗಳು, ತಂತಿಗಳು, ಪತ್ರಿಕೆಯ ತುಣುಕುಗಳಿಂದ ಆದದ್ದು. ಬೆನ್ನಟ್ಟುವವರ ದಿನಚರಿಗಳು ಅಲ್ಲಿವೆ, ಪಿಶಾಚಿಗೆ ಬಲಿಯಾದವರ ಬರಹವೂ ಇದೆ. ಪಿಶಾಚಿಯ ದಿನಚರಿ ಮಾತ್ರ ಇಲ್ಲ. ಅವನು ಆಡಿದ ಮಾತೂ ಅವನನ್ನು ಬೆನ್ನಟ್ಟಿದವರ ಲೇಖನಿಯಿಂದಲೇ ನಮಗೆ ತಿಳಿಯಬೇಕು. ಕಾದಂಬರಿಯಲ್ಲಿ ಇದರಿಂದ ಅನ್ಯಾಯವೇನೂ ಆಗುವುದಿಲ್ಲ. ಅವನು ಪಿಶಾಚಿಯೇ ಹೌದು ಎಂದು ಲೇಖಕನು ನಮಗೆ ಖಾತ್ರಿ ಕೊಟ್ಟಿದ್ದಾನೆ. ಎದೆಗೆ ಗೂಟ ಹೊಡೆಯುವಾಗ ಬೇಟೆಗಾರನ ಕೈ ನಡುಗದಿರುವುದೂ ನಮ್ಮ ಮನಸ್ಸು ಅಳುಕದಿರುವುದೂ ಈ ಖಾತ್ರಿಯ ಬಲದಿಂದ. ಸರಣಿ ಬೆಳೆದಂತೆ ಈ ಖಾತ್ರಿ ರೂಢಿಯಾಗುತ್ತದೆ. ಐದನೆಯ ಭಾಗಕ್ಕೆ ಬರುವ ಹೊತ್ತಿಗೆ ಬೇಟೆಗಾರನು ಒಬ್ಬನನ್ನು ನೋಡಿ 'ಇವನೇ' ಎಂದರೆ ಸಾಕು, ಪುರಾವೆ ಕೇಳುವ ಅಭ್ಯಾಸ ನಮಗೆ ತಪ್ಪಿಹೋಗಿರುತ್ತದೆ.

ಬದುಕಿನಲ್ಲಿ ಇಂಥ ಖಾತ್ರಿಯನ್ನು ಕೊಡುವ ಲೇಖಕನಿಲ್ಲ. ಆದರೂ ಬೇಟೆಗಾರರಿದ್ದಾರೆ. ಭಾನಾಮತಿ, ಚೇತಬಡಿ ಎಂಬ ಮಾತುಗಳು ನಮ್ಮ ಎರಡೂ ರಾಜ್ಯಗಳ ಹಳ್ಳಿಗಳಿಗೆ ಪರಿಚಿತವಾದವು. ಮನೆಯ ಮೇಲೆ ಕಲ್ಲು ಬಿತ್ತು, ಒಣಹಾಕಿದ ಬಟ್ಟೆಗೆ ತಾನಾಗಿ ಬೆಂಕಿ ಹತ್ತಿತು, ಸೊಸೆ ನಾಯಿಯಂತೆ ಕೂಗಿದಳು ಎಂಬ ಸುದ್ದಿಯ ಬೆನ್ನಿಗೆ 'ಮಾಡಿಸಿದವರು ಯಾರು' ಎಂಬ ಪ್ರಶ್ನೆ ಬರುತ್ತದೆ. ಉತ್ತರವಾಗಿ ಬಹುಮಟ್ಟಿಗೆ ದೊರೆಯುವವರು ದಿಕ್ಕಿಲ್ಲದವರು: ಒಂಟಿ ಮುದುಕಿ, ವಿಧವೆ, ಬೇಲಿಯ ಜಗಳವಿರುವ ಬಡ ದಾಯಾದಿ. ತೆಲಂಗಾಣದ ಹಳ್ಳಿಗಳಲ್ಲಿ ಇಂಥ ಸಂಶಯಕ್ಕೆ ಗುರಿಯಾದವರನ್ನು ಹೊಡೆದು ಕೊಂದದ್ದೂ ಉಂಟು, ಹಲ್ಲು ಕಿತ್ತದ್ದೂ ಉಂಟು. ಹಲ್ಲಿಲ್ಲದವನು ಮಂತ್ರವನ್ನು ಸರಿಯಾಗಿ ಉಚ್ಚರಿಸಲಾರ ಎಂಬುದು ಅದರ ಹಿಂದಿನ ತರ್ಕ. ಕಾದಂಬರಿಯಲ್ಲಿ ಕೋರೆಹಲ್ಲು ಪಿಶಾಚಿಯ ಗುರುತು. ಇಲ್ಲಿ ಹಲ್ಲು ಕಳೆದುಕೊಂಡವನು ನಮ್ಮಂತೆಯೇ ಒಬ್ಬ ಮನುಷ್ಯ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದಾಗ ಕೇಳಿದ್ದು ಪುರಾವೆಯನ್ನು. ಮನೋವೈದ್ಯರಾದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮೈಮೇಲೆ ಬರುವುದು, ಭಾನಾಮತಿ ಮೊದಲಾದವುಗಳ ಹಿಂದೆ ಇರುವ ಮನಸ್ಸಿನ ಸಂಕಟವನ್ನು ಸಾಮಾನ್ಯ ಓದುಗರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದಾರೆ. ಅಮಾನವೀಯ ಪದ್ಧತಿಗಳನ್ನೂ ಮಾಟಮಂತ್ರವನ್ನೂ ತಡೆಯಲು ಕರ್ನಾಟಕ ಶಾಸನಸಭೆ ಕಾಯ್ದೆ ಮಾಡಿದ್ದು 2017ರಲ್ಲಿ. ಇಷ್ಟೆಲ್ಲ ಬೇಕಾಯಿತೆಂದ ಮೇಲೆ ಭಯವನ್ನು ಬರಿಯ ಮನರಂಜನೆ ಎಂದು ತಳ್ಳಿಹಾಕುವುದು ಹೇಗೆ?

ಪರರ ಮಾತೇಕೆ, ನಮ್ಮದೇ ಓಣಿಯ ಸಂಗತಿಯೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾವು ಹುಡುಗರಾಗಿದ್ದಾಗ ನಮ್ಮ ಓಣಿಯಲ್ಲಿ ಮಗ್ಗದವರಿಗೆ ಕಂಡಿಕೆ ಸುತ್ತಿಕೊಟ್ಟು ಬದುಕುವ ಒಬ್ಬ ಒಂಟಿ ವೃದ್ಧೆ ಇದ್ದರು. ಎಲ್ಲರೂ ಅವರನ್ನು ಆಯಿ ಎನ್ನುತ್ತಿದ್ದರು. ಮಕ್ಕಳಿಗೆ ದೃಷ್ಟಿಯಾದರೆ ಉಪ್ಪು ಮೆಣಸಿನಕಾಯಿ ನಿವಾಳಿಸಲು ತಾಯಂದಿರು ಕರೆಯುತ್ತಿದ್ದುದೂ ಅವರನ್ನೇ. ವಾರಪತ್ರಿಕೆಯ ಮಾಂತ್ರಿಕ ಕತೆಯನ್ನು ನಾವು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದ ಆ ದಿನಗಳಲ್ಲಿ ಆಯಿಯ ಮುರುಕು ಮನೆ, ಬೂದಿ, ಒಣಮೆಣಸಿನಕಾಯಿಯ ಹೊಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿದವು. ಅವರು ಕೊಟ್ಟ ಬೆಲ್ಲವನ್ನು ನಾವು ತೆಗೆದುಕೊಳ್ಳುವುದನ್ನು ಬಿಟ್ಟೆವು. ಅಷ್ಟರಲ್ಲಿ ಪಕ್ಕದ ಮನೆಯ ಮಗುವೊಂದಕ್ಕೆ ಜ್ವರ ಬಂದು ಹತ್ತು ದಿನ ಇಳಿಯಲಿಲ್ಲ. 'ಹುಡುಗರೂ ಹೆದರುತ್ತಿದ್ದಾರಲ್ಲ, ಏನೋ ಇರಬೇಕು' ಎಂದು ದೊಡ್ಡವರು ಮಾತಾಡಿಕೊಂಡರು. ಯಾರೂ ಆಯಿಯನ್ನು ಬೈಯಲಿಲ್ಲ, ಯಾರೂ ಕೈ ಎತ್ತಲಿಲ್ಲ. ಕಂಡಿಕೆ ಸುತ್ತಲು ನೂಲು ಕೊಡುವವರು ಮಾತ್ರ ಒಬ್ಬೊಬ್ಬರಾಗಿ ನಿಂತರು. ಮಗುವಿನ ಜ್ವರ ಆಸ್ಪತ್ರೆಯ ಔಷಧದಿಂದ ಇಳಿಯಿತು. ಅಷ್ಟು ಹೊತ್ತಿಗೆ ಆಯಿ ಬೀಗ ಹಾಕಿಕೊಂಡು ತಂಗಿಯ ಊರಿಗೆ ಹೋಗಿದ್ದರು. ಮರಳಿ ಬರಲಿಲ್ಲ.

ನಾವು ಏನು ಮಾಡಿದೆವು? ಏನೂ ಮಾಡಲಿಲ್ಲ, ಒಂದು ಕತೆ ಓದಿದೆವು, ಒಬ್ಬರ ಕೈಯ ಬೆಲ್ಲ ಬೇಡವೆಂದೆವು. ಹೀಗೆ ಸಮಾಧಾನ ಹೇಳಿಕೊಳ್ಳಲು ಹೊರಟಾಗಲೆಲ್ಲ ನಮಗೆ ಜನ್ನನ 'ಯಶೋಧರ ಚರಿತೆ' ನೆನಪಾಗುತ್ತದೆ. 1209ರಲ್ಲಿ ರಚಿತವಾದ ಆ ಕಾವ್ಯದ ಅರಸನು ಜೀವಬಲಿಗೆ ಒಪ್ಪದೆ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನ ಕೋಳಿಯೊಂದನ್ನು ಮಾಡಿಸಿ ಬಲಿ ಕೊಡುತ್ತಾನೆ. ಹಿಟ್ಟಿಗೆ ನೋವಿಲ್ಲ, ಜೀವವಿಲ್ಲ. ಆದರೆ ಅದರೊಳಗೆ ಬೆಂತರವೊಂದು ಹೊಕ್ಕಿರುತ್ತದೆ; ಕತ್ತಿ ಬಿದ್ದೊಡನೆ ಕೋಳಿ ಕೂಗುತ್ತದೆ. ಆ ಸಂಕಲ್ಪಹಿಂಸೆಗೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ತೊಳಲುತ್ತಾರೆ. ಕಾದಂಬರಿಯ ಪಿಶಾಚಿಯೂ ಹಿಟ್ಟಿನ ಕೋಳಿಯೇ. ಅದನ್ನು ಕಡಿಯುವ ಸುಖದಲ್ಲಿ ತಪ್ಪೇನೆಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ: ಹಿಟ್ಟು ಹಿಟ್ಟೆಂಬ ಅರಿವಿರುವ ತನಕ ತಪ್ಪಿಲ್ಲ. ಕತ್ತಿಯ ರೂಢಿ ಕೈಗೆ ಹತ್ತಿ, ಹಿಟ್ಟಿಗೂ ಜೀವಕ್ಕೂ ಇರುವ ಭೇದ ಮಸುಕಾದಾಗ ಎಲ್ಲಿಯೋ ಒಂದು ಕೋಳಿ ಕೂಗುತ್ತದೆ. ನಮ್ಮ ಓಣಿಯಲ್ಲಿ ಅದು ಕೂಗಿತ್ತು. ನಮಗೆ ಕೇಳಿಸಿದ್ದು ತಡವಾಗಿ.

ಹಾಗಾದರೆ ಭಯದ ಪುಸ್ತಕಗಳನ್ನು ಮಕ್ಕಳ ಕೈಯಿಂದ ಕಿತ್ತುಕೊಳ್ಳಬೇಕೇ? ಬೇಡ. ಕಿತ್ತುಕೊಂಡ ಪುಸ್ತಕವನ್ನು ಮಕ್ಕಳು ಹಾಸಿಗೆಯೊಳಗೆ ಓದುತ್ತಾರೆ. ಆಗ ಅದರ ಬಗ್ಗೆ ಮಾತಾಡುವವರೂ ಇರುವುದಿಲ್ಲ. ಬೇಕಾದದ್ದು ಬೇರೊಂದು ಬಗೆಯ ಓದು. ಅದಕ್ಕೆ ಮಾದರಿಯಾದ ಸರಣಿಯೊಂದು ನಮ್ಮಲ್ಲಿಯೇ ಇದೆ. ರಿಚರ್ಡ್ ಬರ್ಟನ್ 1870ರಲ್ಲಿ ವಿಕ್ರಮ ಬೇತಾಳರ ಕತೆಗಳನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಬೇತಾಳನಿಗೆ ಬಳಸಿದ ಪದ 'ವ್ಯಾಂಪೈರ್'. ಆ ಲೆಕ್ಕದಲ್ಲಿ 'ಚಂದಮಾಮ' ಓದಿ ಬೆಳೆದ ನಾವೆಲ್ಲರೂ ಪಿಶಾಚಿ ಮತ್ತು ಬೇಟೆಗಾರರ ಸರಣಿಯನ್ನು ತಿಂಗಳು ತಿಂಗಳು ಓದಿದವರೇ. ಆದರೆ ಈ ಬೇತಾಳನಿಗೆ ಬಾಯಿದೆ. ಹೆಗಲೇರಿದ ಅವನೇ ಕತೆ ಹೇಳುತ್ತಾನೆ, ಯಾರದು ತಪ್ಪು, ಯಾರದು ನ್ಯಾಯ ಎಂದು ಕೇಳುತ್ತಾನೆ. ಬೇಟೆಗಾರನು ತೀರ್ಪು ಹೇಳಿದೊಡನೆ ಮರಕ್ಕೆ ಹಾರುತ್ತಾನೆ. 'ಕಥಾಸರಿತ್ಸಾಗರ'ದಲ್ಲಿ ಆ ರಾಜನಿಗೆ ಕೊನೆಗೆ ಒಂದು ಪ್ರಶ್ನೆಗೆ ಉತ್ತರ ಹೊಳೆಯುವುದಿಲ್ಲ. ಅವನು ಸುಮ್ಮನೆ ನಡೆಯುತ್ತಾನೆ. ಆಗಲೇ ಬೇತಾಳನು ಮೆಚ್ಚಿ ಸತ್ಯವನ್ನು ಹೇಳುವುದು: ಹೆಣವನ್ನು ತರಲು ಕಳಿಸಿದ ಭಿಕ್ಷುವೇ ರಾಜನನ್ನು ಬಲಿ ಕೊಡಲು ಕಾದಿದ್ದಾನೆ. ಕೇಡು ಇದ್ದದ್ದು ಮರದ ಮೇಲಲ್ಲ, ಬೇಟೆಗೆ ಅಟ್ಟಿದವನಲ್ಲಿ. 'ತುಳಸಿದಳ'ವನ್ನೂ ಹೀಗೆಯೇ ಓದಲು ಸಾಧ್ಯವಿದೆ. ಮಂತ್ರ ನಿಜವೋ ಸುಳ್ಳೋ, ಎಳೆಯ ಮಗುವಿಗೆ ಕೇಡು ಬಗೆದದ್ದು ಮನುಷ್ಯರ ಆಸ್ತಿಯಾಸೆ.

ಆದ್ದರಿಂದ ಇಂಥ ಪುಸ್ತಕವನ್ನು ಕುರಿತು ಅಭಿಪ್ರಾಯ ಹೇಳುವಾಗ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಬೇಟೆಗೆ ಗುರಿಯಾದವನ ಮಾತು ಈ ಪುಸ್ತಕದಲ್ಲಿ ಎಲ್ಲಿದೆ? ಬೇಟೆಗೆ ಅಟ್ಟಿದವರು ಯಾರು, ಅವರಿಗೆ ಅದರಿಂದ ಏನು ಲಾಭ? ಮನೆಯಲ್ಲಿ ಮಕ್ಕಳು ಹೊಸ ಭಾಗವೊಂದನ್ನು ಓದಿ ಮುಗಿಸಿ ಕಣ್ಣರಳಿಸಿ ಬಂದಾಗ ನಾವು ಇಷ್ಟನ್ನು ಕೇಳಿದರೆ ಅವರ ಸಂತೋಷಕ್ಕೆ ಕುಂದಾಗದು. ಬೀದಿಯಲ್ಲಿ ಯಾರಾದರೂ ಒಬ್ಬರತ್ತ ಬೆರಳು ತೋರಿದ ದಿನ ಅದೇ ಪ್ರಶ್ನೆ ಅವರ ಬಾಯಿಗೆ ತಾನಾಗಿ ಬಂದೀತು. ನಮ್ಮ ಓಣಿಯಲ್ಲಿ ಅಂದು ಒಬ್ಬ ಹುಡುಗನು ಹಾಗೆ ಕೇಳಿ, ಆಯಿಯ ಕೈಯಿಂದ ಬೆಲ್ಲ ತೆಗೆದುಕೊಂಡಿದ್ದರೆ ಸಾಕಾಗಿತ್ತು.