ನಿಮ್ಮ ಬೇರು ಯಾವುದು?

ವಾಕ್ಯಭಾಗ: ರೋಮಾಪುರದವರಿಗೆ 11:17–24

 

ಕಳೆದ ವಾರ ಯೂತ್ ಮೀಟಿಂಗ್ ಮುಗಿದ ಮೇಲೆ ಒಬ್ಬ ತಮ್ಮ ಬಂದು ಕೇಳಿದ: "ಬ್ರದರ್, ನನ್ನ ಜೊತೆ ದೀಕ್ಷಾಸ್ನಾನ ತಗೊಂಡವರೆಲ್ಲ ಸೇವೆಯಲ್ಲಿ ಎಲ್ಲೋ ಹೋದ್ರು. ನಾನ್ಯಾಕೆ ಇನ್ನೂ ಇಲ್ಲೇ ಇದ್ದೀನಿ?"

ಕೊಡಗಿನ ಕಿತ್ತಳೆ ಗಿಡ ನೋಡಿ. ಬೀಜದಿಂದ ಬೆಳೆಸಿದರೆ ಹೂ ಬಿಡೋಕೆ 7-8 ವರ್ಷವಾದರೂ ಕಾಯಬೇಕಾಗಬಹುದು. ಈಗಾಗಲೇ ಫಲ ಕೊಡುತ್ತಿರುವ ಮರದ ಕಣ್ಣು ತೆಗೆದು ಬೇರೆ ಸಸಿಗೆ ಕಸಿ ಕಟ್ಟಿದರೆ 3-4 ವರ್ಷಕ್ಕೇ ಹೂವು ಕಾಣಬಹುದು. ಆ ಕೆಳಗಿನ ಸಸಿಯನ್ನೇ ರೂಟ್‌ಸ್ಟಾಕ್ ಅನ್ನುತ್ತಾರೆ.

ಈಗ ಗಮನಿಸಿ. ಒಂದೇ ಮರದ ಎರಡು ಕಣ್ಣುಗಳನ್ನು ಎರಡು ಬೇರೆ ಬೇರುಗಳ ಮೇಲೆ ಕೂರಿಸಿದರೆ ಎರಡೂ ಒಂದೇ ಥರ ಬೆಳೆಯುವುದಿಲ್ಲ. ರಫ್ ಲೆಮನ್ ಬೇರಿನ ಮೇಲೆ ಮರ ಜೋರಾಗಿ ಬೆಳೆಯುತ್ತೆ, ಹಣ್ಣಿನ ಸಿಹಿ ಸ್ವಲ್ಪ ಕಡಿಮೆ. ಟ್ರೈಫೋಲಿಯೇಟ್ ಅನ್ನೋ ಮೂರೆಲೆ ಜಾತಿಯ ಬೇರಿನ ಮೇಲೆ ಮರ ಚಿಕ್ಕದು, ಹಣ್ಣು ಸಿಹಿ. ಬೇರಿನ ಸೊಕ್ಕು ಹೆಚ್ಚಾದರೆ ಶಕ್ತಿಯೆಲ್ಲ ಚಿಗುರಿಗೇ ಹೋಗಿ ಹೂವು ತಡವಾಗಬಹುದು. ನೋಡೋಕೆ ಹಸಿರೋ ಹಸಿರು. ಹೂವು ಮಾತ್ರ ಇಲ್ಲ!

ನಾನೂ ಹಾಗೇ ಇದ್ದೆ. ವಾರಕ್ಕೆ ಐದು ಮೀಟಿಂಗ್, ಆನ್‌ಲೈನ್ ಪ್ರೇಯರ್, ರೀಲ್ಸ್. ಒಂದು ರಾತ್ರಿ ನನ್ನ ಹೆಂಡತಿ ಕೇಳಿದಳು: "ರೀ, ಮೈಕ್ ಇಲ್ಲದೆ ನೀವು ಪ್ರಾರ್ಥನೆ ಮಾಡಿ ಎಷ್ಟು ದಿನ ಆಯ್ತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಹೀರುತ್ತಿದ್ದದ್ದು ಜನರ ಮೆಚ್ಚುಗೆಯನ್ನು. ಕ್ರಿಸ್ತನನ್ನಲ್ಲ.

ತೋಟದವರು ಒಳ್ಳೆಯ ತಳಿಯ ಕಣ್ಣನ್ನು ಒರಟು ಬೇರಿಗೆ ಕಟ್ಟುತ್ತಾರೆ. ಪೌಲನು ಹೇಳುವುದು ಅದರ ಉಲ್ಟಾ. ಕಾಡು ಎಣ್ಣೆಮರದ ಕೊಂಬೆಯನ್ನು ತೆಗೆದು ಒಳ್ಳೆಯ ಮರಕ್ಕೆ ಕಸಿ ಕಟ್ಟಲಾಯಿತು. ಇದು ಸ್ವಭಾವಕ್ಕೆ ವಿರುದ್ಧ ಅಂತ ಅವನೇ ಒಪ್ಪುತ್ತಾನೆ. ತೋಟಗಾರರು ಸಾಮಾನ್ಯವಾಗಿ ಹೀಗೆ ಮಾಡಲ್ಲ. ದೇವರು ಮಾಡಿದರು. ಇದೇ ಕೃಪೆ! ಆಮೆನ್? ಅದಕ್ಕೇ ಕೊಂಬೆ ಜಂಬ ಪಡುವ ಹಾಗಿಲ್ಲ. ಬೇರನ್ನು ನಾವು ಹೊತ್ತಿಲ್ಲ, ಬೇರೇ ನಮ್ಮನ್ನು ಹೊತ್ತಿದೆ.

ಆ ತಮ್ಮನಿಗೆ ನಾನು ಹೇಳಿದ್ದು ಇಷ್ಟೇ: "ಪಕ್ಕದ ಮರದ ಹೂವು ಎಣಿಸಬೇಡಪ್ಪ. ನೀನು ಎಲ್ಲಿಂದ ಹೀರುತ್ತಿದ್ದೀಯ, ಅದನ್ನ ನೋಡ್ಕೋ. ಬೇರು ಸರಿಯಾಗಿದ್ದರೆ ತಡವಾದದ್ದು ಸೋಲಲ್ಲ."

ಈ ವಾರ ದಿನಕ್ಕೆ 15 ನಿಮಿಷ ಫೋನ್ ಆಫ್ ಮಾಡಿ. ಪೋಸ್ಟ್ ಹಾಕಬೇಡಿ, ಯಾರಿಗೂ ಹೇಳಬೇಡಿ. ಬೇರು ಇರುವುದೇ ಯಾರಿಗೂ ಕಾಣದ ಜಾಗದಲ್ಲಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಎಲೆಗಳನ್ನು ನೋಡಿ ನಾವೇ ಮೋಸಹೋಗದಂತೆ ಕಾಪಾಡು. ನಿನ್ನಲ್ಲಿ ಬೇರೂರಿಸು, ನಿನ್ನ ಕಾಲದಲ್ಲಿ ಹೂ ಬಿಡಿಸು. ಯೇಸುವಿನ ನಾಮದಲ್ಲಿ, ಆಮೆನ್.