ಎಲ್ಲರ ಕ್ಷೇಮವನ್ನು ಬೇಡುವ ಹಾಡು

ಜನರು ಒಟ್ಟುಗೂಡಿ ಹಾಡಿದಾಗ ಮನಸ್ಸು ಹಗುರಾಗುತ್ತದೆ ಎಂಬುದು ಎಲ್ಲ ಧರ್ಮಗಳ ಸಾಧಕರೂ ಬಲ್ಲ ಅನುಭವವಾಗಿದ್ದು, ದಾಸರ ಪದಗಳ ಭಜನೆ, ವಚನಗಾಯನ, ಮೊಹರಂನ ರಿವಾಯತ್ ಪದಗಳೆಲ್ಲವೂ ಅದನ್ನೇ ನೆಚ್ಚಿಕೊಂಡು ಬೆಳೆದಿವೆ. ಆದರೆ ಆ ಹಗುರತನವು ಹಾಡುವವರ ನಡುವಿನ ಅನ್ಯಾಯವನ್ನು ನಿವಾರಿಸುತ್ತದೆಯೋ ಅಥವಾ ಕೆಲಹೊತ್ತು ಮರೆಸುತ್ತದೆಯೋ ಎಂಬುದು ಬೇರೆಯೇ ಪ್ರಶ್ನೆ. ಬಹುಕಾಲ ದೂರವಿಟ್ಟ ಸಮುದಾಯದ ಹಾಡನ್ನು, ದೂರವಿಟ್ಟವರೇ ಅದರೊಡನೆ ನಿಂತು ಹಾಡಿದರೆ ಏನಾಗುತ್ತದೆ ಎಂದು ವಿಚಾರಿಸಲು ದಾವಣಗೆರೆ ಜಿಲ್ಲೆಯ ಲಂಬಾಣಿ ತಾಂಡಾಗಳು ಯೋಗ್ಯವಾದ ನೆಲೆಯಾಗಿವೆ.

ಕೃಷಿ ಸಂಶೋಧನಾ ಕೇಂದ್ರದಿಂದ ರೈತರಿಗೆ ಪರಿಚಿತವಾದ ಕತ್ತಲಗೆರೆಯಿರುವ ಚನ್ನಗಿರಿ ತಾಲ್ಲೂಕು, ಪಕ್ಕದ ಹೊನ್ನಾಳಿ ಮತ್ತು ನ್ಯಾಮತಿ, ಬಯಲುಸೀಮೆಯ ಜಗಳೂರು, ಇಲ್ಲೆಲ್ಲ ತಾಂಡಾಗಳು, ಅಂದರೆ ನಾಯಕನೆಂಬ ಹಿರಿಯನ ಸುತ್ತ ಕಟ್ಟಿಕೊಂಡ ಲಂಬಾಣಿಗರ ಪ್ರತ್ಯೇಕ ವಸತಿಗಳು ಇವೆ. ಕರ್ನಾಟಕದ ಸಂಪ್ರದಾಯವು ಸಂತ ಸೇವಾಲಾಲರ ಜನ್ಮಸ್ಥಳವೆಂದು ನಂಬುವ ಸೂರಗೊಂಡನಕೊಪ್ಪವೂ ನ್ಯಾಮತಿ ತಾಲ್ಲೂಕಿನಲ್ಲಿದ್ದು, 1739ರ ಫೆಬ್ರವರಿ 15 ಅವರ ಜನ್ಮದಿನವೆಂಬ ನಂಬಿಕೆಯಂತೆ ಪ್ರತಿವರ್ಷ ಅಲ್ಲಿ ಜಯಂತಿ ನಡೆಯುತ್ತದೆ. ಮಾಲೆ ಧರಿಸಿದ ಭಕ್ತರು ಕಾಲ್ನಡಿಗೆಯಲ್ಲಿ ಹಾಡುತ್ತ ಬಂದು ಸೇರುತ್ತಾರೆ. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತುತ್ತಿದ್ದ ಲಂಬಾಣಿಗರ ಕಸುಬನ್ನು ರೈಲುಮಾರ್ಗಗಳೂ ಬ್ರಿಟಿಷರ ಉಪ್ಪಿನ ನೀತಿಯೂ ಕಸಿದವು. ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಅಪರಾಧಿಗಳೆಂದು ಎಣಿಸಿದ 1871ರ ಕಾಯ್ದೆಯು ಹಲವೆಡೆ ಅವರ ಮೇಲೂ ಕಳಂಕ ಹೊರಿಸಿತು. 1952ರಲ್ಲಿ ಆ ಕಾಯ್ದೆ ರದ್ದಾಯಿತು, ಊರಿನವರ ಸಂಶಯ ಮಾತ್ರ ಅದರ ಜೊತೆಗೆ ರದ್ದಾಗಲಿಲ್ಲ.

ಸ್ವಂತ ಲಿಪಿಯಿಲ್ಲದ ಗೋರ್ ಬೋಲಿಯೆಂಬ ಅವರ ನುಡಿಯಲ್ಲಿ ಚರಿತ್ರೆಯೂ ಧರ್ಮವೂ ಹಾಡಾಗಿಯೇ ಉಳಿದು ಬಂದಿವೆ. ಹೋಳಿಯ ಸಮಯದಲ್ಲಿ ಗಂಡಸರೂ ಹೆಂಗಸರೂ ಸುತ್ತುಗಟ್ಟಿ ಕುಣಿಯುತ್ತ ಲೇಂಗಿ ಹಾಡುತ್ತಾರೆ. ದೀಪಾವಳಿಯ ಅಮಾವಾಸ್ಯೆಯಂದು ಮದುವೆಯಾಗದ ಹೆಣ್ಣುಮಕ್ಕಳು ಹಣತೆ ಹಿಡಿದು ತಾಂಡಾದ ಮನೆಮನೆಗೂ ಹೋಗಿ ಹಾಡಿನಲ್ಲೇ ಶುಭ ಕೋರುವ ಮೇರಾ ಎಂಬ ಆಚರಣೆಯಿದೆ. ಇವೆಲ್ಲಕ್ಕಿಂತ ಗಂಭೀರವಾದದ್ದು ಢಾವಲೋ. ತವರನ್ನು ಬಿಡುವ ಮದುಮಗಳು ಬಂಧುಗಳ ಕೊರಳನ್ನು ತಬ್ಬಿ ರಾಗವಾಗಿ ಅಳುವ ಈ ಹಾಡನ್ನು ಹಿರಿಯ ಹೆಂಗಸರು ಹುಡುಗಿಯರಿಗೆ ಮೊದಲೇ ಕಲಿಸಿರುತ್ತಾರೆ. ಅಳುವನ್ನು ಕಲಿಸುವುದು ಕೃತಕವೆಂದು ತೋರಬಹುದಾದರೂ ಅದರ ಹಿಂದೆ ಆಳವಾದ ತಿಳಿವಳಿಕೆಯಿದೆ: ಹಿರಿಯರು ಮೊದಲೇ ಹಾದುಬಂದ ರಾಗವೊಂದು ಸಿದ್ಧವಾಗಿದ್ದರೆ ದುಃಖವು ಒಬ್ಬಳ ಎದೆಯಲ್ಲೇ ಹೂತುಹೋಗದೆ, ಕೇಳುವವರೆಲ್ಲರೂ ಹೆಗಲು ಕೊಡಬಹುದಾದ ಭಾರವಾಗುತ್ತದೆ.

ಸೇವಾಲಾಲರಿಗೂ ದೇವಿಗೂ ಸಲ್ಲುವ ಭೋಗದಲ್ಲಿ, ಅಂದರೆ ಬೆಂಕಿಗೆ ತುಪ್ಪ ಮತ್ತು ಸಿಹಿಯನ್ನು ಅರ್ಪಿಸುವ ವಿಧಿಯಲ್ಲಿ, ಅರದಾಸ್ ಎಂಬ ಸಾಮೂಹಿಕ ಪ್ರಾರ್ಥನೆ ಇರುತ್ತದೆ. ಅದು ತಾಂಡಾದ ಕ್ಷೇಮಕ್ಕೆ ನಿಲ್ಲದೆ ದನಕರು, ಇರುವೆಗಳವರೆಗೂ ಒಳಿತನ್ನು ಬೇಡುತ್ತದೆ. ಬೇಡಿದ್ದು ದೈವಕ್ಕೆ ಮುಟ್ಟುವುದೇ ಎಂಬುದು ಶ್ರದ್ಧೆಗೆ ಬಿಟ್ಟ ವಿಷಯ. ಆದರೆ ದನಿಗೂಡಿಸಿ ಬೇಡಿದವನು ತನ್ನ ಬೇಡಿಕೆಗೆ ತಾನೇ ಕಟ್ಟುಬೀಳುತ್ತಾನೆ ಎಂಬುದಕ್ಕೆ ಬೇರೆ ಪ್ರಮಾಣ ಬೇಡ, ಏಕೆಂದರೆ ಹತ್ತು ಜನರ ಮುಂದೆ ಇರುವೆಗೂ ಒಳಿತಾಗಲೆಂದವನು ನೆರೆಯವನ ಕೇಡನ್ನು ಬಯಸುವಾಗ ತನ್ನ ಮಾತಿಗೆ ತಾನೇ ಎದುರಾಗುತ್ತಾನೆ. ಇಲ್ಲಿ ಕ್ಷೇಮವೆಂದರೆ ಒಬ್ಬನ ಮನಶ್ಶಾಂತಿಯಲ್ಲ, ಇತರರಿಗಾಗಿ ಬೇಡಿದಾಗ ಮಾತ್ರ ತನಗೂ ದಕ್ಕುವ ಸ್ಥಿತಿ. ಊರಿನವರು ಈ ಪ್ರಾರ್ಥನೆಯಲ್ಲಿ ದನಿ ಸೇರಿಸಿದರೆ, ತಮ್ಮನ್ನು ದೂರವಿಟ್ಟವರಿಗೂ ತಾಂಡಾ ಇಷ್ಟು ಕಾಲ ಒಳಿತನ್ನೇ ಬೇಡುತ್ತಿತ್ತೆಂಬ ಅರಿವನ್ನು ಅವರು ಎದುರಿಸಬೇಕಾಗುತ್ತದೆ. ರಾಜಿಯ ಮೊದಲ ಹೆಜ್ಜೆಯಾದ ನಾಚಿಕೆ ಹುಟ್ಟುವುದು ಇಂಥ ಕಡೆಯಲ್ಲಿ.

ಆದರೆ ರಾಜಿಗೆ ಮೊದಲು ನಡೆದದ್ದನ್ನು ಒಪ್ಪಬೇಕು ಎಂಬುದಕ್ಕೆ ದೂರದ ನಿದರ್ಶನವೊಂದಿದೆ. ಆದಿವಾಸಿ ಮಕ್ಕಳನ್ನು ವಸತಿಶಾಲೆಗಳಿಗೆ ಒಯ್ದು ಅವರ ನುಡಿಯನ್ನು ಬಿಡಿಸಿದ ಕೆನಡಾದಲ್ಲಿ ಸತ್ಯ ಮತ್ತು ಸಂಧಾನ ಆಯೋಗವು 2015ರಲ್ಲಿ 94 ಕ್ರಮಗಳನ್ನು ಸೂಚಿಸಿತು. ಆಯೋಗದ ಹೆಸರಿನಲ್ಲೇ ಸತ್ಯವು ಸಂಧಾನಕ್ಕಿಂತ ಮುಂದೆ ನಿಂತಿರುವುದು ಸರಿಯಾದ ಕ್ರಮ. ನಡೆದದ್ದನ್ನು ಒಪ್ಪದೆ ಹಾಡಿಗೆ ಮಾತ್ರ ಬಾಯಿಗೂಡಿಸಿದರೆ, ಕನ್ನಡಿಯ ಕಸೂತಿಯುಳ್ಳ ಲಂಬಾಣಿ ಉಡುಪನ್ನು ಮೆರವಣಿಗೆಯ ಅಲಂಕಾರಕ್ಕೆ ಕರೆಸಿ, ಉಟ್ಟವರನ್ನು ಮರೆಯುವ ಹಳೆಯ ರೂಢಿಯೇ ಮುಂದುವರಿದಂತೆ. ತಾಂಡಾಗಳು ಕಂದಾಯ ಗ್ರಾಮಗಳಾಗಿ ನಿವಾಸಿಗಳ ಕೈಗೆ ಹಕ್ಕುಪತ್ರ ಬರತೊಡಗಿದ್ದೇ ಇತ್ತೀಚೆಗೆ. 2023ರ ಜನವರಿಯಲ್ಲಿ ಮಳಖೇಡದ ಸಮಾರಂಭದಲ್ಲಿ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಅವುಗಳನ್ನು ನೀಡಲಾಯಿತು. ನೆಲದ ಹಕ್ಕನ್ನು ಹಾಡು ಕೊಡಲಾರದು, ಕೊಡಬೇಕೆಂದು ಅದರಿಂದ ನಿರೀಕ್ಷಿಸುವುದೂ ತಪ್ಪು.

ಇನ್ನೊಬ್ಬರ ಪದವನ್ನು ತನ್ನದಾಗಿಸಿಕೊಂಡು ಹಾಡುವ ಗುಣ ಕನ್ನಡದ ಹಳ್ಳಿಗಳಿಗೆ ಹೊಸದಲ್ಲ. ಗೋವಿಂದ ಭಟ್ಟರ ಶಿಷ್ಯರಾದ ಶಿಶುನಾಳ ಶರೀಫರ ತತ್ವಪದಗಳನ್ನು ಎಲ್ಲ ಮತದವರೂ ಭಜನೆಯಲ್ಲಿ ಹಾಡುತ್ತ ಬಂದಿದ್ದಾರೆ. ಆದರೆ ಅವು ಎಲ್ಲರಿಗೂ ತಿಳಿಯುವ ನುಡಿಯಲ್ಲಿವೆ. ಗೋರ್ ಬೋಲಿಯ ಹಾಡನ್ನು ಕಲಿಯಬೇಕಾದವರು ಉಚ್ಚಾರಣೆಯಿಂದಲೇ ಆರಂಭಿಸಿ, ತಾಂಡಾದ ಹಿರಿಯಳ ಮುಂದೆ ಶಿಷ್ಯರಾಗಿ ಕುಳಿತು, ಆಕೆ ತಿದ್ದಿದಾಗ ತಿದ್ದಿಕೊಳ್ಳಬೇಕಾಗುತ್ತದೆ. ಕಲಿಸುವವರು ಯಾರು, ಕಲಿಯುವವರು ಯಾರು ಎಂಬ ಶತಮಾನಗಳ ಕ್ರಮ ಅಲ್ಲಿ ತಿರುವುಮುರುವಾಗುತ್ತದೆ. ಯಾವ ಹಾಡನ್ನು ಕೊಡಬೇಕು, ಯಾವುದನ್ನು ಕೊಡಬಾರದು ಎಂಬ ನಿರ್ಣಯವೂ ಆಕೆಯದೇ ಆಗಿರಬೇಕು. ಅರದಾಸ್‌ನಲ್ಲಿ ಎಲ್ಲರನ್ನೂ ಸೇರಿಸಿಕೊಂಡವಳು ಢಾವಲೋವನ್ನು ವೇದಿಕೆಗೆ ತರಲಾಗದು ಎಂದರೆ, ಕೂಡಿ ಹಾಡಲು ಬಂದವರು ಅದನ್ನು ಕೇಳದೆಯೇ ಹಿಂದಿರುಗಬೇಕು.